ಗುತ್ತಿಗೆಗೆ ಹೋದ ಟೀಮು, ಹೊರಗುಳಿದ ಬಾವ

ನಮ್ಮ ಟೀಮು ಕೈ ಬದಲಾಗುತ್ತಿದೆ ಎಂದು ನಮಗೆ ಮೊದಲು ತಿಳಿದದ್ದು ಮೊಟ್ಟೆಯಿಂದ. ಪ್ರತಿ ಭಾನುವಾರ ಮ್ಯಾಚಿಗೆ ಮುಂಚೆ ಟೀಮು ನಡೆಸುವ ಸಾಹುಕಾರರ ಮನೆಯಿಂದ ಬೇಯಿಸಿದ ಮೊಟ್ಟೆ ಬರುತ್ತಿತ್ತು, ಆಡುವವರಿಗೆ ತಲೆಗೆ ಎರಡು. ಆ ಭಾನುವಾರ ತಲೆಗೆ ಒಂದೇ ಬಂತು. ಆಡುವವರು ಅದನ್ನೇ ತಿಂದು ಎದ್ದರು. ನಾವು ನೋಡುವವರು. ನಮಗೆ ಮೊಟ್ಟೆ ಯಾವತ್ತೂ ಇಲ್ಲ, ಆದರೆ ರೇಗಿದ್ದು ಮಾತ್ರ ನಮಗೆ.

"ಏನೋ ಇದೆ ಕಣೋ," ಎಂದರು ಮಾವ. "ಕೋಳಿ ಮೊಟ್ಟೆ ಇಡೋದು ನಿಲ್ಸಿಲ್ಲ. ಸಾಹುಕಾರ್ರು ನಿಲ್ಸವ್ರೆ."

ಮಾವ ಎಂದರೆ ನನ್ನ ತಾಯಿಯ ತಮ್ಮ. ವಯಸ್ಸು ಅರವತ್ತು. ಒಂದು ದಿನವೂ ಚೆಂಡು ಒದ್ದವರಲ್ಲ, ಒಂದು ಮ್ಯಾಚೂ ತಪ್ಪಿಸಿದವರಲ್ಲ. ಜೀವಮಾನವೆಲ್ಲ ಮಾವಿನ ತೋಪುಗಳನ್ನು ಹೂವಿನಲ್ಲೇ ಗುತ್ತಿಗೆ ಹಿಡಿದು ಕಾಯಿ ಮಾರಿದವರು. ಯಾವ ವಿಷಯ ಬಂದರೂ ಅದನ್ನು ಎಳೆದು ತಂದು ತೋಪಿನಲ್ಲಿ ಕಟ್ಟುತ್ತಾರೆ.

ಸಾಹುಕಾರರ ಮಾವಿನ ಮಂಡಿ ಇರುವುದು ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಹೋಗುವ ದಾರಿಯಲ್ಲಿ. ಆ ಮಂಡಿಯ ಅಂಗಳವೇ ನಮ್ಮ ಗ್ರೌಂಡು. ಮೇ ತಿಂಗಳಿಂದ ಜುಲೈ ಮುಗಿಯುವವರೆಗೆ ಅಲ್ಲಿ ಹುಲ್ಲು ಹಾಸಿ ಕಾಯಿ ಸುರಿಯುತ್ತಾರೆ. ಆಗಸ್ಟಿನಲ್ಲಿ ಹುಲ್ಲು ಗುಡಿಸಿ, ಕೊಳೆತದ್ದನ್ನು ಎತ್ತಿ ಹಾಕಿ, ಎರಡು ಕಡೆ ಕಬ್ಬಿಣದ ಪೈಪಿನ ಗೋಲು ನಿಲ್ಲಿಸಿದರೆ ನಮ್ಮ ಸೀಸನ್ನು ಶುರು. ಮೊದಲ ಎರಡು ವಾರ ಜಾರಿ ಬೀಳದವನು ಇಲ್ಲ. ಬೇರೆ ಊರುಗಳಲ್ಲಿ ಕ್ರಿಕೆಟ್ಟು, ನಮ್ಮಲ್ಲಿ ಫುಟ್‌ಬಾಲು. ಕಾರಣ ಇಷ್ಟೇ. ಹಿಂದೆ ಚಿನ್ನದ ಗಣಿ ಕಡೆಯಿಂದ ಒಬ್ಬ ಪಿಟಿ ಮೇಷ್ಟ್ರು ಬಂದಿದ್ದರು. ಅವರ ಹತ್ತಿರ ಒಂದು ಚೆಂಡು ಇತ್ತು, ಬ್ಯಾಟು ಇರಲಿಲ್ಲ.

ನಾನು ಮಾವಿನ ಸೀಸನ್ನಿನಲ್ಲಿ ಅದೇ ಮಂಡಿಯಲ್ಲಿ ಕ್ರೇಟು ಹೊರುತ್ತೇನೆ, ಉಳಿದ ತಿಂಗಳು ಗೂಡ್ಸ್ ಆಟೋದಲ್ಲಿ ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ಲೋಡು ಹೊಡೆಯುತ್ತೇನೆ. ಆಡುವವನು ನಾನಲ್ಲ. ನಮ್ಮ ಮನೆಯಿಂದ ಆಡುವವನು ಬಾವ, ಅಂದರೆ ಅಕ್ಕನ ಗಂಡ. ಕೀಪರ್. ವಾರವೆಲ್ಲ ತೋಪುಗಳಲ್ಲಿ ಮಾವಿನ ಮರಕ್ಕೆ ಔಷಧಿ ಹೊಡೆಯುತ್ತಾನೆ, ಭಾನುವಾರ ಗೋಲಿನಲ್ಲಿ ನಿಲ್ಲುತ್ತಾನೆ. ಹದಿನಾಲ್ಕು ವರ್ಷದಿಂದ ಆ ಗೋಲಿನಲ್ಲಿ ಬೇರೆಯವನು ನಿಂತಿಲ್ಲ. ಈಗ ಅವನಿಗೆ ಮೂವತ್ತಾರು. ಎಡ ಮೊಣಕಾಲು ಏಳುವಾಗೊಂದು ಕೂರುವಾಗೊಂದು ಸದ್ದು ಮಾಡುತ್ತದೆ.

ಮೊಟ್ಟೆ ಕಡಿಮೆಯಾದ ಸಂಜೆ ಮಂಡಿ ಎದುರಿನ ಟೀ ಅಂಗಡಿಯಲ್ಲಿ ನಾವೆಲ್ಲ ಸೇರಿದೆವು. ನನ್ನ ಗೆಳೆಯನೊಬ್ಬ ಐಟಿಐ ಓದಿ ಮಾಲೂರಿನ ಫ್ಯಾಕ್ಟರಿಯಲ್ಲಿದ್ದಾನೆ. ಅವನನ್ನು ನಾವು ಐಟಿಐ ಅಂತಲೇ ಕರೆಯುವುದು. ಸುದ್ದಿ ತಂದವನು ಅವನೇ. ಮಾಲೂರಿನಲ್ಲಿ ಲೇಔಟ್ ಮಾಡುವ ಒಬ್ಬರು ನಮ್ಮ ಟೀಮಿನ ಮೇಲೆ ಕಣ್ಣು ಹಾಕಿದ್ದಾರೆ, ಜರ್ಸಿಯ ಮೇಲೆ ಅವರ ಲೇಔಟಿನ ಹೆಸರು ಬರುತ್ತದಂತೆ.

"ಹೊರದೇಶದಲ್ಲಿ ಹಿಂಗೆಲ್ಲಾ ನಡಿಯಲ್ಲ," ಎಂದ ಐಟಿಐ. "ಕೆಲವು ಕಡೆ ಕ್ಲಬ್ಬಲ್ಲಿ ಅಭಿಮಾನಿಗಳದ್ದೇ ಅರ್ಧಕ್ಕಿಂತ ಜಾಸ್ತಿ ಪಾಲು. ಅವ್ರು ಬೇಡ ಅಂದ್ರೆ ಬೇಡ, ಮುಗೀತು."

"ಅರ್ಧ ಪಾಲು ಅಂದ್ರೆ ಅರ್ಧ ಖರ್ಚೂ ನಮ್ದೇನಾ?" ಎಂದು ಟೀ ಸೋಸುತ್ತಲೇ ಕೇಳಿದ ಅಂಗಡಿಯವನು.

ಐಟಿಐ ಫೋನು ಮೇಲೆ ಕೆಳಗೆ ಎಳೆದು ನೋಡಿದ. "ಅದು ಇಲ್ಲಿ ಹಾಕಿಲ್ಲ."

"ಅದೆಲ್ಲಾ ಬಿಡ್ರೋ," ಎಂದರು ಮಾವ. "ಮೊದ್ಲು ಇದನ್ನ ತಿಳ್ಕೊಳ್ಳಿ. ಸಾಹುಕಾರ್ರು ಮರ ಮಾರ್ತಾವ್ರಾ, ಇಲ್ಲಾ ಫಸಲು ಮಾರ್ತಾವ್ರಾ?"

ಈ ಪ್ರಶ್ನೆ ಎಲ್ಲರಿಗೂ ಅರ್ಥವಾಯಿತು. ನಮ್ಮ ಕಡೆ ತೋಪು ಮಾರುವವರು ಕಡಿಮೆ, ಫಸಲು ಮಾರುವವರು ಜಾಸ್ತಿ. ಗುತ್ತಿಗೆ ಹಿಡಿದವನು ಕಾಯುತ್ತಾನೆ, ಔಷಧಿ ಹೊಡೆಸುತ್ತಾನೆ, ಕಾಯಿ ಕಿತ್ತುಕೊಂಡು ಹೋಗುತ್ತಾನೆ. ಗುತ್ತಿಗೆ ಮುಗಿದ ಮೇಲೆ ಮರ ಮರದ ಯಜಮಾನನದ್ದೇ. ಆದರೆ ಟೀಮಿನಲ್ಲಿ ಮರ ಯಾವುದು ಕಾಯಿ ಯಾವುದು ಎನ್ನುವುದರ ಮೇಲೆ ಮೂರು ರೌಂಡು ಟೀ ಆಯಿತು. ಆಡುವ ಹುಡುಗರು ಮರ, ಗೆಲ್ಲುವ ಟ್ರೋಫಿ ಕಾಯಿ ಎಂದರು ಮಾವ. ಗ್ರೌಂಡು ಮರ, ಹುಡುಗರೇ ಕಾಯಿ ಎಂದ ಅಂಗಡಿಯವನು.

"ಹಂಗಾದ್ರೆ ನಾವು?" ಎಂದೆ ನಾನು.

"ನಾವು ಕೋತಿಗಳು," ಎಂದ ಐಟಿಐ. "ನಮಗೆ ಯಾರೂ ಗುತ್ತಿಗೆ ಕೊಟ್ಟಿಲ್ಲ, ಆದ್ರೂ ಪ್ರತಿ ವರ್ಷ ಬರ್ತೀವಿ."

ಬಾವ ಬೆಂಚಿನ ತುದಿಯಲ್ಲಿ ಕೂತು ಕೇಳುತ್ತಿದ್ದ. ಮನೆಗೆ ಹೋಗುವಾಗ ನನ್ನ ಆಟೋ ಹತ್ತಿದ. ಅರ್ಧ ದಾರಿ ಆದ ಮೇಲೆ, "ಲೇ, ಆ ಮಾಲೂರಿನವ್ರು ಹುಡುಗರನ್ನೇ ಇಟ್ಕೊಳ್ತಾರಂತೆ. ಇಪ್ಪತ್ತೈದರ ಮೇಲೆ ಬೇಡ ಅಂದ್ರಂತೆ," ಎಂದ.

"ಯಾರ್ ಹೇಳಿದ್ದು?"

"ಯಾರೋ ಹೇಳಿದ್ರು. ನನ್ನ ತೆಗೆದಾಕ್ತಾರೆ ಕಣೋ."

"ನಾನಿರೋವಾಗ ನಿನ್ನ ಯಾರೂ ಮುಟ್ಟಲ್ಲ, ಸುಮ್ನಿರು ಬಾವ," ಎಂದುಬಿಟ್ಟೆ. ನಾನಿದ್ದು ಏನು ಮಾಡುತ್ತೇನೆ ಎಂದು ಅವನೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಮರುದಿನ ಮಾವ, ಐಟಿಐ, ನಾನು ಮೂವರು ಸಾಹುಕಾರರ ಮನೆಗೆ ಹೋದೆವು. ಸಾಹುಕಾರರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಅವರೇನೂ ಮುಚ್ಚಿಡಲಿಲ್ಲ.

"ನಂಗೆ ಸಾಕಾಗಿದೆ ಕಣ್ರಪ್ಪಾ," ಎಂದರು. "ಭಾನುವಾರ ಬಂದ್ರೆ ಮೊಟ್ಟೆ, ಗಾಡಿ, ಐಸು, ಬ್ಯಾಂಡೇಜು. ನನ್ನ ಮಗ ಚೆಂಡಿನ ಕಡೆ ತಿರುಗಿ ನೋಡಲ್ಲ. ಮಾಲೂರಿನವರು ಕೇಳಿದ್ರು. ಎರಡು ವರ್ಷಕ್ಕೆ ಕೊಡ್ತಿದೀನಿ."

"ಎರಡು ವರ್ಷಕ್ಕೆ ಅಂದ್ರೆ ಫಸಲು," ಎಂದರು ಮಾವ ನಮ್ಮ ಕಡೆ ತಿರುಗಿ, ಪಂದ್ಯ ಗೆದ್ದವರ ಹಾಗೆ. ಆಮೇಲೆ ಸಾಹುಕಾರರಿಗೆ, "ಫಸಲು ಕೊಡೋದಾದ್ರೆ ಮನೆ ಮರ ಬಿಟ್ಕೊಳ್ಳಲ್ವಾ ಅಣ್ಣಾ?" ಎಂದು ಕೇಳಿದರು.

ಮನೆ ಮರ ಎಂದರೆ ಇದು. ತೋಪು ಗುತ್ತಿಗೆ ಕೊಡುವಾಗ ಯಜಮಾನ ಒಂದು ಮರವನ್ನು ತನ್ನ ಮನೆಯವರು ತಿನ್ನಲಿಕ್ಕೆ, ಉಪ್ಪಿನಕಾಯಿ ಹಾಕಲಿಕ್ಕೆ ಹೊರಗಿಟ್ಟುಕೊಳ್ಳುತ್ತಾನೆ. ಗುತ್ತಿಗೆದಾರ ಆ ಮರದ ಎಲೆಯನ್ನೂ ಮುಟ್ಟುವ ಹಾಗಿಲ್ಲ. ಸಾಮಾನ್ಯವಾಗಿ ಅದು ತೋಪಿನಲ್ಲೇ ಒಳ್ಳೆಯ ಮರ ಆಗಿರುತ್ತದೆ.

ನನ್ನ ತಲೆಗೆ ತಟ್ಟನೆ ಹೊಳೆಯಿತು. "ಬಾವನ್ನ ಮನೆ ಮರ ಅಂತ ಬರೆಸಿಬಿಡಿ ಸಾಹುಕಾರ್ರೇ," ಎಂದೆ. "ಅವ್ನನ್ನ ಮಾತ್ರ ಅವರು ಮುಟ್ಟಬಾರ್ದು."

ಸಾಹುಕಾರರು ಚಾಚಿದ್ದ ಕಾಲು ಮಡಚಿಕೊಂಡರು. ಬಾವ ಅವರ ತೋಪಿಗೂ ಔಷಧಿ ಹೊಡೆಯುವವನು, ಅವರಿಗೂ ಅವನ ಮೇಲೆ ಪ್ರೀತಿ. "ಆಗ್ಲಿ, ಆ ಮರ ನಿಮಗೇ ಇರ್ಲಿ," ಎಂದರು. ಮಾವ ನನ್ನ ಬೆನ್ನು ತಟ್ಟಿದರು. ಮಾವ ನನ್ನ ಬೆನ್ನು ತಟ್ಟಿದ್ದು ಅದೇ ಮೊದಲು, ಅದೇ ಕೊನೆ.

ಪತ್ರ ಬರೆದದ್ದು ಶ್ರೀನಿವಾಸಪುರದ ತಾಲ್ಲೂಕು ಕಚೇರಿ ಎದುರು ಕೂರುವ ಒಬ್ಬ ತಾತ. ನಲವತ್ತು ವರ್ಷದಿಂದ ಅವರು ಬರೆದಿರುವುದು ತೋಪಿನ ಗುತ್ತಿಗೆ ಪತ್ರ ಮಾತ್ರ. ಹಳೇ ಪತ್ರ ಒಂದನ್ನು ಎದುರಿಗೆ ಇಟ್ಟುಕೊಂಡು, ತೋಪು ಅಂತ ಇರುವ ಕಡೆ ಟೀಮು, ಮರ ಅಂತ ಇರುವ ಕಡೆ ಆಟಗಾರ ಎಂದು ಬದಲಾಯಿಸುತ್ತಾ ಹೋದರು. ಮಾಲೂರಿನವರು ಬಿಳಿ ಶರಟು ಹಾಕಿಕೊಂಡು ಕಾರಿನ ಪಕ್ಕ ನಿಂತಿದ್ದರು. ತಾತ ಕೊನೆಯಲ್ಲಿ ಗಟ್ಟಿಯಾಗಿ ಓದಿದರು.

"ಸದರಿ ಟೀಮಿನಲ್ಲಿ ಹಾಲಿ ಗೋಲ್‌ಕೀಪರ್ ಆದವರನ್ನು ಗುತ್ತಿಗೆಯಿಂದ ಹೊರಗಿಟ್ಟಿರುತ್ತದೆ. ಗುತ್ತಿಗೆದಾರರು ಅವರನ್ನು ಮುಟ್ಟತಕ್ಕದ್ದಲ್ಲ, ಬಳಸತಕ್ಕದ್ದಲ್ಲ, ಬೇರೆ ಕಡೆಗೆ ಸಾಗಿಸತಕ್ಕದ್ದಲ್ಲ. ಅವರ ಪೂರ್ಣ ಅನುಭೋಗವು ಅಭಿಮಾನಿಗಳಿಗೆ ಸೇರಿದ್ದು."

ಕೇಳಲು ಬಹಳ ಚೆನ್ನಾಗಿತ್ತು. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬಾಂಡ್ ಪೇಪರ್ ಓದಿದರೆ ತಲೆ ಅಲ್ಲಾಡಿಸುವುದೊಂದೇ ನನಗೆ ಗೊತ್ತು. ಓದಿಕೊಂಡ ಐಟಿಐ ಕೂಡ ತಲೆ ಅಲ್ಲಾಡಿಸಿದ, ಹಾಗಾಗಿ ತಪ್ಪು ನನ್ನೊಬ್ಬನದಲ್ಲ. ಅಭಿಮಾನಿಗಳ ಪರವಾಗಿ ನಾನೇ ಸಹಿ ಹಾಕಿದೆ. ಬಾವನಿಗೆ ಫೋನ್ ಮಾಡಿ, "ನಿನ್ನ ಕೆಲಸ ಆಯ್ತು ಬಾವ, ಇನ್ನು ಯಾವನೂ ನಿನ್ನ ತೆಗೆಯೋಕಾಗಲ್ಲ," ಎಂದೆ. ಅವನು ಆ ದಿನ ಹೊಸ ಗ್ಲೌಸು ತಂದ.

ಹೊಸ ಯಜಮಾನರ ಕೈಕೆಳಗೆ ಮೊದಲ ಮ್ಯಾಚು ಮಾಲೂರಿನಲ್ಲೇ ಇತ್ತು. ನನ್ನ ಆಟೋದಲ್ಲಿ ಹಿಂದೆ ಒಂಬತ್ತು ಜನ, ಮುಂದೆ ಮಾವ. ಅಲ್ಲಿ ಹೋಗಿ ನೋಡಿದರೆ ಹುಡುಗರಿಗೆ ಹೊಸ ಜರ್ಸಿ, ಬಾಳೆಹಣ್ಣು, ಮೊಟ್ಟೆ ತಲೆಗೆ ಮೂರು. ಮಾವ ಮೊಟ್ಟೆ ಎಣಿಸಿ, "ಪರ್ವಾಗಿಲ್ಲ ಮನುಷ್ಯ," ಎಂದರು. ಬಾವ ಗ್ಲೌಸು ಹಾಕಿಕೊಂಡು ಗೋಲಿನ ಕಡೆ ಹೊರಟ. ಮಾಲೂರಿನವರು ಅಡ್ಡ ಬಂದರು.

"ಅಣ್ಣಾ, ತಾವು ಬೇಡ," ಎಂದರು, ಬಹಳ ಮರ್ಯಾದೆಯಿಂದ.

"ಯಾಕೆ?"

"ನಿಮ್ಮನ್ನ ಬಳಸಂಗಿಲ್ಲ ಅಂತ ಪತ್ರದಲ್ಲಿದೆ."

ನಾನು ಓಡಿಹೋದೆ. "ಅದು ಹಂಗಲ್ಲಾ ಸಾರ್. ತೆಗೆದಾಕಬಾರ್ದು ಅಂತ ಅದರ ಅರ್ಥ."

ಅವರು ಕಾರಿನಿಂದ ಪತ್ರ ತರಿಸಿ ಓದಿದರು. ಮುಟ್ಟತಕ್ಕದ್ದಲ್ಲ. ಬಳಸತಕ್ಕದ್ದಲ್ಲ. ಸಾಗಿಸತಕ್ಕದ್ದಲ್ಲ. "ನಾನು ಹಿಂದೆ ಒಂದ್ಸಲ ಹೊರಗಿಟ್ಟ ಮರದ ಒಂದು ಕೊಂಬೆ ಕಡಿದು ನಾಲ್ಕು ವರ್ಷ ಕೋರ್ಟು ಸುತ್ತಿದೀನಿ ತಮ್ಮಾ," ಎಂದರು. "ಬರೆದಿದ್ದು ಬರೆದಂಗೆ. ಈಗ ಇವರು ನಮ್ಮ ಗಾಡಿಲಿ ಬಂದಿದ್ರೆ ಅದೂ ತಪ್ಪೇ. ನಿಮ್ಮ ಆಟೋಲಿ ಬಂದ್ರಲ್ಲ, ಬಚಾವ್."

ಗೋಲಿನಲ್ಲಿ ಲಕ್ಕೂರಿನ ಕಡೆಯ ಒಬ್ಬನನ್ನು ನಿಲ್ಲಿಸಿದರು. ಇಪ್ಪತ್ತೆರಡರ ಹುಡುಗ, ತಲೆಗೂದಲಿಗೆ ಬಣ್ಣ, ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದ. ನಾಲ್ಕು ಗೋಲು ಬಿದ್ದವು. ಬಾವ ನಮ್ಮ ಪಕ್ಕ ಗ್ಲೌಸು ಬಿಚ್ಚದೆ ಕೂತು ಎಲ್ಲವನ್ನೂ ನೋಡಿದ. ಮೂರನೇ ಗೋಲು ಬಿದ್ದಾಗ ಅವನ ಕೈ ತಾನಾಗಿ ಎಡಕ್ಕೆ ಚಾಚಿ ಮಾವನ ಕಿವಿಗೆ ಬಡಿಯಿತು. ವಾಪಸ್ ಬರುವಾಗ ಆಟೋದಲ್ಲಿ ಬಾವ ನನ್ನ ಕಡೆ ತಿರುಗಲೇ ಇಲ್ಲ.

ಒಂದು ಸಾಲು ಅಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಅಳಿಸಲು ಮೂರು ಕಡೆಯವರೂ ಒಪ್ಪಬೇಕು. ಸಾಹುಕಾರರು ಒಪ್ಪಿದರು, ಮಾಲೂರಿನವರೂ ಒಪ್ಪಿದರು. ಒಪ್ಪದೆ ಇದ್ದವರು ನಾವೇ. ಟೀ ಅಂಗಡಿಯಲ್ಲಿ ಎರಡು ಪಾರ್ಟಿ ಆಯಿತು.

"ಮನೆ ಮರ ಒಂದ್ಸಲ ಬಿಟ್ಕೊಟ್ರೆ ಮುಗೀತು," ಎಂದರು ಮಾವ. "ಇವತ್ತು ಕೀಪರ್ರು. ನಾಳೆ ಗ್ರೌಂಡು ಕೇಳ್ತಾನೆ. ನಾಡಿದ್ದು ನಮ್ಮ ಟೀಮು ಮಾಲೂರಲ್ಲಿ ಲೇಔಟಿನ ಗೇಟು ಕಾಯ್ತಿರುತ್ತೆ. ನಮ್ಮ ಕೈಲಿರೋದು ಇದೊಂದೇ ಮನುಷ್ಯ."

"ಆ ಮನುಷ್ಯನ್ನ ಇಟ್ಕೊಂಡು ನಾವೇನ್ ಮಾಡೋದು ಮಾವ?" ಎಂದೆ.

"ಇರ್ಲಿ. ಹಕ್ಕು ಅಂತ ಒಂದಿರುತ್ತೆ."

ಐಟಿಐಗೆ ಬಹಳ ಖುಷಿ. "ಹೊರದೇಶದಲ್ಲಿ ಅಭಿಮಾನಿಗಳಿಗೆ ಷೇರ್ ಮಾತ್ರ ಇರೋದು. ನಮಗೆ ಇಡೀ ಒಬ್ಬ ಆಟಗಾರನೇ ಇದಾನೆ," ಎಂದು ಫೋನಿನಲ್ಲಿ ಎಲ್ಲರಿಗೂ ಕಳಿಸಿದ.

ಹೀಗೆ ನಾಲ್ಕು ಭಾನುವಾರ ಹೋದವು. ಟೀಮು ಸೋಲುತ್ತಿತ್ತು, ನಾವು ಹಕ್ಕು ಕಾಯುತ್ತಿದ್ದೆವು. ಬಾವ ಭಾನುವಾರ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ. ಅಕ್ಕ ನಮ್ಮ ಮನೆಗೆ ಬಂದು ನನ್ನ ಎದುರು ನಿಂತಳು.

"ಹದಿನಾಲ್ಕು ವರ್ಷ ಭಾನುವಾರ ಮನೇಲಿರು ಅಂತ ಬೇಡ್ಕೊಂಡೆ, ಇರ್ಲಿಲ್ಲ," ಎಂದಳು. "ಈಗ ಇದ್ದಾರೆ. ಗೋಡೆಗೆ ಟೊಮೆಟೊ ಎಸೆದು ಹಿಡೀತಾರೆ. ನನ್ನ ಗೋಡೆ ನೋಡು ಬಾ. ಏನ್ ಮಾಡ್ತೀಯೋ ನಂಗೊತ್ತಿಲ್ಲ, ಅವ್ರನ್ನ ಆ ಪೈಪಿನ ಮಧ್ಯೆ ನಿಲ್ಸು."

ನಾನು ಏನಾದರೂ ಮಾಡುವ ಮುಂಚೆ ಮುಳಬಾಗಿಲಿನ ಟೀಮಿನವರು ಬಂದರು. ಅವರ ಕೀಪರ್ ಬೈಕಿನಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದ. ಮುಂದಿನ ಭಾನುವಾರ ಅವರಿಗೆ ಮ್ಯಾಚು ಇತ್ತು. ಯಾರ ಮೇಲೆ ಎಂದರೆ ನಮ್ಮ ಟೀಮಿನ ಮೇಲೆಯೇ. ನಾವು ಟೀ ಅಂಗಡಿಯಲ್ಲಿದ್ದೆವು, ಬಾವ ಔಷಧಿಯ ಡ್ರಮ್ಮಿಗೆ ನೀರು ತುಂಬಿಸಲು ಅಲ್ಲಿಗೇ ಬಂದಿದ್ದ.

"ನಿಮ್ಮ ಹತ್ರ ಒಬ್ರು ಕೀಪರ್ ಇದಾರಂತೆ. ಒಂದ್ ದಿನಕ್ಕೆ ಕೊಡ್ತೀರಾ?" ಎಂದು ಅವರು ಮಾವನನ್ನು ಕೇಳಿದರು.

"ನೋಡ್ಬೇಕು," ಎಂದರು ಮಾವ. "ಮೀಟಿಂಗ್ ಮಾಡ್ಬೇಕು. ಪೂರ್ಣ ಅನುಭೋಗ ನಮ್ದು, ಆದ್ರೂ ಹೊರಗೆ ಕೊಡ್ಬೋದಾ ಇಲ್ವಾ ಅನ್ನೋದು ಪತ್ರದಲ್ಲಿ ಸ್ಪಷ್ಟ ಇಲ್ಲ."

ಬಾವ ಪೈಪು ಕೆಳಗೆ ಹಾಕಿದ. ನೀರು ಎಲ್ಲರ ಚಪ್ಪಲಿಗೆ ಹರಿಯಿತು. "ಮಾವಾ, ನಾನು ಇಲ್ಲೇ ನಿಂತಿದೀನಿ," ಎಂದ. "ನಾನೇನ್ ಎಮ್ಮೇನಾ, ನನ್ನ ಮುಂದೇನೇ ನನ್ನ ಕೊಡೋ ಮಾತಾಡೋಕೆ?" ಆಮೇಲೆ ಮುಳಬಾಗಿಲಿನವರಿಗೆ, "ಎಷ್ಟ್ ಗಂಟೆಗೆ?" ಎಂದು ಕೇಳಿದ.

"ಮೂರಕ್ಕಣ್ಣಾ."

"ಬರ್ತೀನಿ."

ಆ ಭಾನುವಾರ ನಾವು ಮುಳಬಾಗಿಲಿಗೆ ಹೋದೆವು. ಯಾರ ಕಡೆ ಕೂರುವುದು ಎಂಬುದೇ ಜಗಳ. ಕೊನೆಗೆ ಸರಿಯಾಗಿ ನಡುಗೆರೆಯ ಹತ್ತಿರ ಕೂತೆವು. ಬಾವ ಅವರ ಹಳದಿ ಜರ್ಸಿ ಹಾಕಿದ್ದ, ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಅವನು ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಯಾವತ್ತೂ ನೋಡಿಲ್ಲ. ನಮ್ಮ ಹುಡುಗರು ಒದ್ದದ್ದೆಲ್ಲ ಅವನ ಎದೆಗೇ ಹೋಗುತ್ತಿತ್ತು. ಯಾವನು ಎಲ್ಲಿಗೆ ಒದೆಯುತ್ತಾನೆ ಎಂದು ಅವನಿಗೆ ಗೊತ್ತು, ಇಷ್ಟು ವರ್ಷ ಪ್ರಾಕ್ಟೀಸಿನಲ್ಲಿ ಅವರಿಗೆಲ್ಲ ಹೇಳಿಕೊಟ್ಟವನು ಅವನೇ. ಈ ಕಡೆ ಲಕ್ಕೂರಿನ ಹುಡುಗ ಒಂದು ಸಲ ಕಣ್ಣು ಮುಚ್ಚಿದ, ಒಂದು ಗೋಲು ಬಿತ್ತು.

ಮುಗಿಯಲು ಐದು ನಿಮಿಷ ಇರುವಾಗ ನಮ್ಮ ಟೀಮಿಗೆ ಪೆನಾಲ್ಟಿ ಸಿಕ್ಕಿತು. ಗೋಲಾದರೆ ನಮ್ಮ ಮಾನ ಉಳಿಯುತ್ತದೆ. ಆಗದಿದ್ದರೆ ಬಾವನ ಮಾನ ಉಳಿಯುತ್ತದೆ. ಐಟಿಐ ಎರಡು ಕಿವಿ ಮುಚ್ಚಿಕೊಂಡ, ಕಣ್ಣು ಮುಚ್ಚಿಕೊಳ್ಳುವುದು ಬಿಟ್ಟು. ನಮ್ಮ ಹುಡುಗ ಬಲಕ್ಕೆ ನೋಡಿ ಎಡಕ್ಕೆ ಒದ್ದ. ಬಾವ ಮೊದಲೇ ಅದೇ ಕಡೆ ಬಿದ್ದಿದ್ದ. ಚೆಂಡು ಅವನ ಹೊಟ್ಟೆಯ ಕೆಳಗೆ ಇತ್ತು.

ನಾನು ಎದ್ದು ಚಪ್ಪಾಳೆ ಹೊಡೆದೆ. ಪಕ್ಕದಲ್ಲಿ ಯಾರೋ ಜೋರಾಗಿ ಶಿಳ್ಳೆ ಹಾಕಿದರು. ಯಾರು ಎಂದು ತಿರುಗಿ ನೋಡಿದೆ. ಮಾವ ಬಾಯಿಂದ ಬೆರಳು ತೆಗೆದು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. "ಅಭ್ಯಾಸ," ಎಂದರು.

ಮ್ಯಾಚು ಸೋತ ಮೇಲೆ ಮಾಲೂರಿನವರು ನೇರವಾಗಿ ನಮ್ಮ ಹತ್ತಿರ ಬಂದರು. ಬಿಳಿ ಶರಟು ಬೆವೆತಿತ್ತು. "ಆ ಕೀಪರ್ ಯಾರ ಮನುಷ್ಯ?" ಎಂದು ಕೇಳಿದರು.

"ನಮ್ಮೋನು," ಎಂದೆವು ಎಲ್ಲರೂ ಒಟ್ಟಿಗೆ.

"ನಿಮ್ಮೋನು. ನನ್ನ ಟೀಮೂ ನಿಮ್ದೇ ಅಂತೀರಿ. ನಿಮ್ಮೋನೇ ನಿಮ್ಮ ಟೀಮನ್ನ ಸೋಲಿಸಿದ, ನೀವು ಶಿಳ್ಳೆ ಹಾಕಿದ್ರಿ," ಎಂದರು ಅವರು. "ನಾನು ಇಪ್ಪತ್ತು ವರ್ಷದಿಂದ ಲೇಔಟ್ ಮಾಡ್ತಿದೀನಿ. ಅಣ್ಣ ತಮ್ಮಂದಿರ ಜಗಳದ ಜಮೀನೆಲ್ಲಾ ನೋಡಿದೀನಿ. ನಿಮ್ಮಂಥೋರನ್ನ ನೋಡಿಲ್ಲ. ಆ ಒಂದು ಸಾಲು ತೆಗೆಯೋಕೆ ನಿಮಗೆ ಏನ್ ಬೇಕು ಹೇಳ್ರಪ್ಪಾ."

ಮಾವ ಗಂಟಲು ಸರಿ ಮಾಡಿಕೊಂಡರು. ಅವರು ಬಾಯಿ ತೆರೆಯುವ ಮುಂಚೆ ನಾನು ಹೇಳಿದೆ, "ನಮ್ಮನ್ನ ಕೇಳ್ಬೇಡಿ ಸಾರ್. ಅವ್ನನ್ನ ಕೇಳಿ."

ಎಲ್ಲರೂ ಬಾವನ ಹತ್ತಿರ ಹೋದೆವು. ಅವನು ನೆಲದ ಮೇಲೆ ಕೂತು ಮೊಣಕಾಲಿಗೆ ಐಸು ಹಿಡಿದುಕೊಂಡಿದ್ದ. ಮಾಲೂರಿನವರು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ನಮ್ಮ ಕಡೆ ಆಡ್ತೀರಾ?"

"ಆಡ್ತೀನಿ," ಎಂದ ಬಾವ. "ಆದ್ರೆ ನನ್ನ ಮೇಲೆ ಯಾರೂ ಏನೂ ಬರೀಬಾರ್ದು. ಒಳಗೆ ಅಂತಾನೂ ಬರೀಬಾರ್ದು, ಹೊರಗೆ ಅಂತಾನೂ ಬರೀಬಾರ್ದು. ಚೆನ್ನಾಗಿ ಆಡಿದ್ರೆ ಇಟ್ಕೊಳ್ಳಿ, ಆಡ್ಲಿಲ್ಲ ಅಂದ್ರೆ ನನ್ನ ಮುಖಕ್ಕೆ ಹೇಳಿ, ಹೋಗ್ತೀನಿ. ಇವ್ರಿಗೆ ಹೇಳ್ಬೇಡಿ." ಇವರಿಗೆ ಎಂದಾಗ ಅವನು ಐಸಿನ ಕೈಯನ್ನು ನನ್ನ ಕಡೆ ತೋರಿಸಿದ. ನಾಲ್ಕು ವಾರದಲ್ಲಿ ಅವನು ನನ್ನ ಕಡೆ ಕೈ ತೋರಿಸಿದ್ದೇ ಮೊದಲು. ನನಗೆ ಸಮಾಧಾನವಾಯಿತು.

ಶ್ರೀನಿವಾಸಪುರದ ತಾತ ಆ ಸಾಲನ್ನು ಹೊಡೆದು ಹಾಕಿದರು. ಮೂರು ಕಡೆಯವರೂ ಸಹಿ ಹಾಕಿದೆವು. ಎರಡು ವರ್ಷ ಆದ ಮೇಲೆ ಟೀಮು ಯಾರದ್ದು, ಸಾಹುಕಾರರು ವಾಪಸ್ ತೆಗೆದುಕೊಳ್ಳುತ್ತಾರಾ, ಮಾಲೂರಿಗೆ ಹೊತ್ತುಕೊಂಡು ಹೋಗುತ್ತಾರಾ, ಯಾರಿಗೂ ಗೊತ್ತಿಲ್ಲ. ಅದರ ಮೇಲೆ ಟೀ ಅಂಗಡಿಯಲ್ಲಿ ಈಗಲೂ ದಿನಾ ವಾದ ನಡೆಯುತ್ತಿದೆ.

ಮುಂದಿನ ಭಾನುವಾರ ಮಂಡಿ ಅಂಗಳದಲ್ಲಿ ಕೋಲಾರದವರ ಮೇಲೆ ಮ್ಯಾಚು. ಬಾವ ನಮ್ಮ ಜರ್ಸಿ ಹಾಕಿಕೊಂಡು ಗೋಲಿನ ಕಡೆ ನಡೆದ. ಅಕ್ಕ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಮ್ಯಾಚು ನೋಡಲು ಬಂದು ಕ್ರೇಟಿನ ಮೇಲೆ ಕೂತಿದ್ದಳು. ನಾವು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡೆವು. ನಾಲ್ಕನೇ ನಿಮಿಷದಲ್ಲಿ ಕೋಲಾರದವನೊಬ್ಬ ದೂರದಿಂದ ಸುಮ್ಮನೆ ಒಂದು ಚೆಂಡು ಉರುಳಿಸಿದ. ಜೋರು ಇರಲಿಲ್ಲ. ನಮ್ಮಕ್ಕನೂ ಹಿಡಿಯಬಹುದಾಗಿತ್ತು. ಬಾವ ಬಗ್ಗಿದ, ಮೊಣಕಾಲು ಸದ್ದು ಮಾಡಿತು, ಚೆಂಡು ಅವನ ಎರಡು ಕಾಲಿನ ಮಧ್ಯೆ ಹೋಗಿ ಗೋಲಿನ ಒಳಗೆ ನಿಂತಿತು.

ಮಾಲೂರಿನವರು ಕುರ್ಚಿಯಲ್ಲಿ ಕೂತ ಹಾಗೆಯೇ ನಿಧಾನವಾಗಿ ತಲೆ ತಿರುಗಿಸಿ ನಮ್ಮ ಕಡೆ ನೋಡಿದರು.

"ಗಾಳಿ ಸಾರ್," ಎಂದರು ಮಾವ.

ಎಲ್ಲೂ ಒಂದು ಎಲೆ ಅಲ್ಲಾಡುತ್ತಿರಲಿಲ್ಲ.

"ಹೌದು ಸಾರ್," ಎಂದೆ ನಾನು. "ಬೆಳಗ್ಗಿಂದ ಬಹಳ ಗಾಳಿ."